ಭಟ್ರ ತೋಡಿ ಕ್ಯಾಸೆಟ್

ದೇವರಾಣೆ ಇದು ನಡೆದಿದ್ದೇ. ಸುಳ್ಳಾದ್ರೆ ನಾಳೆ ನನ್ನ ಜೀಪು ಸ್ಟಾರ್ಟೇ ಆಗ್ಬಾರ್ದು.

ಸಂಗೀತದ ಹುಚ್ಚಿರೋ ನಾವು ನಾಕು ಜನ ಭಾನುವಾರ ಮೂಡಿಗೆರೆ ಹೋಟ್ಲಲ್ಲಿ ಸೇರಿ ತಂತಮ್ಮ ರೆಕಾರ್ಡಿಂಗ್ ಹಾಕಿ ಕೇಳ್ತೀವಿ. ನನ್ನತ್ರ ಇರೋ ನಾದಸ್ವರದ ತೋಡಿ ರಾಗದ ಕ್ಯಾಸೆಟ್ ಮುಂದೆ ಉಳಿದೋರ್ದೆಲ್ಲ ಕಸ. ಶಾಲೆ ಕಲೀಲಿಲ್ಲ ನಾನು, ಆದ್ರೆ ಕಿವಿ ಅಂದ್ರೆ ನಂದು.

ಒಂದಿನ ಕಳಸದಲ್ಲಿ ಬಾಡಿಗೆಗೆ ನನ್ನ ಜೀಪು ಹತ್ತಿದ ಒಬ್ರು ಭಟ್ರು ಅದ್ರಲ್ಲಿ ಟೇಪ್‌ರೆಕಾರ್ಡರ್ ನೋಡಿ ಖುಷಿಯಾಗಿ, ಚೀಲದಿಂದ ಕ್ಯಾಸೆಟ್ ತೆಗೆದ್ರು.

"ಇದೊಂದು ಹಾಕಿ ಮಾರಾಯ್ರೇ."

ಹಾಕಿದೆ. ನನ್ನ ಕ್ಯಾಸೆಟ್ಟಲ್ಲಿರೋ ಅದೇ ವಿದ್ವಾಂಸರು, ಅದೇ ಕಚೇರಿ, ಅದೇ ತೋಡಿ! ನಂದು ಅರ್ಧಕ್ಕೆ ನಿಲ್ಲುತ್ತೆ, ಅವ್ರದ್ದು ಪೂರ್ತಿ ಇತ್ತು.

"ಹೆಂಗುಂಟು?"

"ಪರ್ವಾಗಿಲ್ಲ ಬಿಡಿ."

"ಮೂಡಿಗೆರೆ ಮೇಷ್ಟ್ರು ಈ ಭಾನುವಾರ ಹೋಟ್ಲಿಗೆ ಬನ್ನಿ ಅಂದಿದಾರೆ. ಎಲ್ರೂ ಒಟ್ಟಿಗೆ ಕೂತು ಇದನ್ನ ಕೇಳೋದಂತೆ."

ನಮ್ಮ ಗುಂಪಿನ ಮೇಷ್ಟ್ರೇ! ಇದು ಅಲ್ಲಿಗೆ ಬಂದ್ರೆ ನನ್ನ ಕ್ಯಾಸೆಟ್ಟನ್ನ ಯಾರು ಮೂಸ್ತಾರೆ? ಇಡೀ ದಾರಿ ಚೌಕಾಸಿ ಮಾಡಿ ಅದನ್ನ ಕೊಂಡ್ಕೊಂಡೆ. "ಇದಕ್ಕೆ ಇಷ್ಟು ದುಡ್ಡಾ?" ಅಂತ ಭಟ್ರೇ ಬೆರಗಾದ್ರು.

ಭಾನುವಾರ ಮೀಸೆ ತಿರುವ್ಕೊಂಡು ಹೋಟ್ಲಿಗೆ ಹೋದ್ರೆ, ಮೇಷ್ಟ್ರ ಫೋನಲ್ಲಿ ಅದೇ ತೋಡಿ. ಎಲ್ರೂ ಕಣ್ಮುಚ್ಚಿ ತಲೆದೂಗ್ತಾ ಕೂತಿದಾರೆ. ಭಟ್ರೂ ಅಲ್ಲೇ, ನಾನು ದಿನಾ ಕೂರೋ ಕುರ್ಚೀಲಿ.

"ಬಾರೋ ಮಾರಾಯ, ನಿಂದು ಅರ್ಧ, ಇದು ಪೂರ್ತಿ," ಅಂದ್ರು ಮೇಷ್ಟ್ರು. "ಭಟ್ರು ಹೋದ ವಾರವೇ ಎಲ್ರಿಗೂ ವಾಟ್ಸಪ್ ಮಾಡಿದಾರೆ."

ನನ್ನದು ಬಟನ್ ಫೋನು.

"ನಮ್ಮನೇಲಿ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ಕಾಲ ಆಯ್ತು," ಅಂತ ಭಟ್ರು ನಕ್ರು, "ಪೇಟೇಲಿ ಫೋನಿಗೆ ಹಾಕಿಸಿದ್ಮೇಲೆ ಕ್ಯಾಸೆಟ್ ಚೀಲದಲ್ಲಿ ಸುಮ್ನೆ ಬಿದ್ದಿತ್ತು, ನಿಮಗಾದ್ರೂ ಉಪಯೋಗಕ್ಕೆ ಬಂತಲ್ಲ."

ಆ ಕ್ಯಾಸೆಟ್ಟಿಗೆ ನಾನು ಕೊಟ್ಟಿದ್ದು ಸಾವಿರದ ಎಂಟುನೂರ ಐವತ್ತು ರೂಪಾಯಿ.