ಇಬ್ರಾಹಿಂಪುರದ ಕರಿ ಚಾ

ಸಿಕಂದರನಿಗೆ ಎರಡರ ಮೇಲೆ ಭಾರಿ ನಂಬಿಕೆ: ಒಂದು ಕಬ್ಬಿಣ, ಇನ್ನೊಂದು ತನ್ನ ಕೈಯ ಚಾ. ರೈಲ್ವೆಯಲ್ಲಿ ಖಲಾಸಿಯಾಗಿ ಹಳಿ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಾಗ ಆ ಕೆಲಸ ಬಿಟ್ಟ. 1946ರಲ್ಲಿ ವಿಜಾಪುರದ ಅಂಚಿನ ಇಬ್ರಾಹಿಂಪುರದಲ್ಲಿ, ಹಳಿಯ ಹತ್ತಿರದ ಬಸರಿ ಗಿಡದ ಕೆಳಗೆ ಚಾದಂಗಡಿ ಹಾಕಿದ. ಒಳ್ಳೆಯ ನೆರಳು, ಸಂತೆಗೆ ಬಂದವರು ಗಾಡಿ ಬಿಚ್ಚಿ ಅಲ್ಲೇ ಕೂರುತ್ತಿದ್ದರು. ಮಗ್ಗುಲಲ್ಲೇ ಒಂದು ಸಣ್ಣ ಬಾವಿ ಇತ್ತು. ಒಳಗಿನ ಮಣ್ಣು ಕುಸಿದು ನೀರು ಕದಡುತ್ತಿತ್ತೆಂದು ಸಿಕಂದರ ಗುಜರಿಯಿಂದ ಕಬ್ಬಿಣದ ಪೀಪಾಯಿಗಳನ್ನು ತಂದ. ತಳ ಒಡೆದು, ಒಂದರ ಮೇಲೊಂದು ಇಳಿಸಿ ಬಾವಿಗೆ ಒಳಗೋಡೆ ಮಾಡಿದ. ಬಂದವರನ್ನೆಲ್ಲ ಕರೆದು, ಬಾವಿಯೊಳಗೆ ಬಗ್ಗಿ ನೋಡಲು ಹೇಳಿ ಅದನ್ನು ತೋರಿಸಿದ. ಗೋಳಗುಮ್ಮಟ ಕಟ್ಟಿದವರೂ ಅಷ್ಟು ಮೆರೆದಿರಲಿಕ್ಕಿಲ್ಲ.

ಅಂಗಡಿಗೆ ಹಾಲು ಹಾಕುತ್ತಿದ್ದವನು ಮರೆಪ್ಪ. ಬಬಲೇಶ್ವರದಲ್ಲಿ ಹುಟ್ಟಿದವನು, ತಿಕೋಟಾ ರಸ್ತೆಯ ಬದಿಯಲ್ಲಿ ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದ. ಮಾತು ಕಡಿಮೆ. ಹಾಲಿಗೆ ನೀರು ಬೆರೆಸುವವನಲ್ಲ ಎಂಬ ಹೆಸರೊಂದೇ ಅವನ ಆಸ್ತಿ; ಆ ಹೆಸರಿನ ಮೇಲೆಯೇ ಊರ ಮನೆಗಳಲ್ಲಿ ಅವನ ಹಾಲು ನಡೆಯುತ್ತಿತ್ತು.

ಮರುವರ್ಷ ಬಸರಿ ಎಲೆ ಉದುರಿಸಿ ಮುಗಿಸಿತು, ಬೇಸಿಗೆ ಬಂತು, ಬಾವಿಯ ನೀರು ಇಳಿಯಿತು. ಆಗ ಚಾದ ಬಣ್ಣ ಕೆಟ್ಟಿತು. ಕೆಂಪಗೆ ಬರಬೇಕಾದದ್ದು ಬೂದಿ ಕಲಸಿದ ಹಾಗೆ ಬಂತು. ಗಿರಾಕಿಗಳು ಒಂದು ಗುಟುಕು ಕುಡಿದು ಬಶಿ ಕೆಳಗಿಟ್ಟರು. ಸಿಕಂದರ ಚಾಪುಡಿ ಬದಲಿಸಿದ, ಪಾತ್ರೆ ತಿಕ್ಕಿದ. ಏನೂ ಆಗಲಿಲ್ಲ. ನೀರಿನ ಮೇಲೂ ಅನುಮಾನ ಬಂತು. ಕಬ್ಬಿಣದ ಜಂಗು, ಅಂದರೆ ತುಕ್ಕು, ಬೆರೆತ ನೀರನ್ನು ಕೊಡದಲ್ಲಿ ಇಟ್ಟರೆ ಕೆಂಪು ಗಸಿ ತಳಕ್ಕೆ ಕೂರುತ್ತದೆಂದು ರೈಲ್ವೆಯಲ್ಲಿ ಕಲಿತಿದ್ದ. ಇಟ್ಟು ನೋಡಿದ, ಗಸಿ ಕೂರಲಿಲ್ಲ. ತನ್ನ ಪೀಪಾಯಿಗಳದೇನೂ ತಪ್ಪಿಲ್ಲವೆಂದು ಅವನಿಗೆ ಬಹಳ ಸಮಾಧಾನವಾಯಿತು. ಇನ್ನು ಉಳಿದದ್ದು ಹಾಲು.

ಮರುದಿನ ಗಿರಾಕಿಗಳ ಎದುರಿಗೇ ಮರೆಪ್ಪನನ್ನು ತಡೆದ. “ಹಾಲಿನಾಗ ಏನ ಬೆರಸಾಕತ್ತೀಯೋ ಮರೆಪ್ಪ? ನನ್ನ ಅಂಗಡಿ ಮುಚ್ಚಸಬೇಕಂತ ಮಾಡೀಯೇನ?”

“ಏನೂ ಬೆರಸಿಲ್ಲರಿ.”

“ಮತ್ತ ಚಾ ಯಾಕ ಹಿಂಗಾಗೈತಿ?”

“ಅದ ನನಗ ಹೆಂಗ ಗೊತ್ತಾಗಬೇಕ್ರಿ,” ಎಂದು ಮರೆಪ್ಪ ಹಾಲಿನ ಕೊಡ ಎತ್ತಿಕೊಂಡು ಹೋದ.

ಸುದ್ದಿ ಹಬ್ಬಿತು. ಒಂದೊಂದೇ ಮನೆಯವರು ಅವನ ಹಾಲು ಬಿಟ್ಟರು. ಅವನ ಪಾಲಿಗೆ ಇದು ಶುದ್ಧ ಅನ್ಯಾಯ. ಇತ್ತ ಸಿಕಂದರ ಬೇರೆಯವರ ಹಾಲು ತಂದ, ಆದರೂ ಚಾ ಬೂದಿ ಬಣ್ಣದ್ದೇ. “ಹಾಲಿನವರೆಲ್ಲಾ ಕೂಡ್ಯಾರ,” ಅಂದ. ಹಟಕ್ಕೆ ಬಿದ್ದವನಿಗೆ ಏನು ಹೇಳುವುದು?

ಅವನ ಹೆಂಡತಿ ಹಸೀನಾ ಹೇಳಲಿಲ್ಲ, ಮಾಡಿ ತೋರಿಸಿದಳು. ಹಾಲು ಹಾಕದ ಎರಡು ಬಶಿ ಚಾ ತಂದು ಮುಂದಿಟ್ಟಳು. ಒಂದು ತವರುಮನೆಯ ಬಾವಿಯ ನೀರಿನದು, ಕೆಂಪಗಿತ್ತು. ಇನ್ನೊಂದು ಅಂಗಡಿಯ ಬಾವಿಯದು, ಮಸಿಯ ಹಾಗೆ ಕರ್ರಗಿತ್ತು.

“ಇದರಾಗ ಯಾರ ಹಾಲೂ ಇಲ್ಲರಿ. ಈಗ ಯಾರನ್ನ ಬೈತೀರಿ? ಮರೆಪ್ಪ ಎಮ್ಮಿ ಮಾರಿ ಬಬಲೇಶ್ವರಕ್ಕ ಹೊಂಟಾನಂತ.”

ಸಿಕಂದರ ಎದ್ದ. ಸೊಂಟ ನೋವನ್ನೂ ಮರೆತು ಬಾವಿಗೆ ಇಳಿದ. ಪೀಪಾಯಿಗಳನ್ನು ನೀರು ತಿಂದು ಹಾಕಿತ್ತು. ಕೆಳಗೆ ಬಸರಿ ಎಲೆ ಕೊಳೆತು ಮೊಣಕಾಲುದ್ದ ಕರಿ ರಾಡಿಯಾಗಿತ್ತು. ಆಗಿದ್ದಿಷ್ಟು. ಪೀಪಾಯಿಯ ಕಬ್ಬಿಣ ಕರಗಿ ನೀರಿಗೆ ಸೇರುತ್ತಿತ್ತು. ಬರೀ ನೀರಾಗಿದ್ದರೆ ಅದು ಜಂಗಾಗಿ ತಳ ಸೇರುತ್ತಿತ್ತು. ಕೊಳೆತ ಎಲೆಯ ರಸ ಅದನ್ನು ಹಿಡಿದುಕೊಂಡು, ತಳಕ್ಕೆ ಕೂರಲು ಬಿಡದೆ ನೀರಿನಲ್ಲೇ ಉಳಿಸಿತ್ತು. ಚಾಪುಡಿ ಬಿದ್ದ ಕೂಡಲೇ ಅದರ ಒಗರು ಆ ಕಬ್ಬಿಣವನ್ನು ತನ್ನ ಕಡೆ ಎಳೆದುಕೊಂಡು ಕಪ್ಪಾಗುತ್ತಿತ್ತು. ಅಳಲೆಕಾಯಿಗೆ ಕಬ್ಬಿಣ ಕೂಡಿಸಿ ಬರೆಯುವ ಮಸಿ ಮಾಡುವುದೂ ಹೀಗೆಯೇ.

ಪೀಪಾಯಿ ಕಿತ್ತ, ರಾಡಿ ತೆಗೆಸಿದ, ಕಲ್ಲು ಕಟ್ಟಿಸಿದ, ಎಲೆ ಬೀಳದಂತೆ ಬಾವಿಗೆ ತಟ್ಟಿ ಮುಚ್ಚಿದ. ಗಿಡಕ್ಕೆ ಕೊಡಲಿ ಹಾಕಲಿಲ್ಲ. ಆಮೇಲೆ ತಿಕೋಟಾ ರಸ್ತೆ ಹಿಡಿದ.

ಮರೆಪ್ಪ ಎಮ್ಮೆ ಹಿಂಡುತ್ತಿದ್ದ. ಏಳಲಿಲ್ಲ.

“ತಪ್ಪ ನಂದೈತಿ, ಮರೆಪ್ಪ. ನೀರು ಕೆಟ್ಟಿತ್ತು.”

“ಬೈದದ್ದು ಮಂದ್ಯಾಗ,” ಅಂದ ಮರೆಪ್ಪ. “ಇಲ್ಲಿ ಎಮ್ಮಿ ಮುಂದ ಹೇಳಿದ್ರ ಏನ ಬಂತರಿ.”

ಹಾಗಾದರೆ ಮಂದಿಯ ಮುಂದೆಯೇ ಹೇಳುತ್ತೇನೆ, ಹಾಲು ತಗೊಂಡು ಬಾ ಎಂದು ಸಿಕಂದರ ಕರೆದು ಬಂದ. ಮರುದಿನ ಬೆಳಿಗ್ಗೆ ಅಂಗಡಿ ತುಂಬಿದಾಗ ಮರೆಪ್ಪ ಹಾಲು ತಂದ. ಸಿಕಂದರ ಅವನಿಗೇ ಮೊದಲ ಚಾ ಹಾಕಿ ಹಾಲು ಬಗ್ಗಿಸಲು ಹೋದ. ಮರೆಪ್ಪ ಬಶಿಯ ಮೇಲೆ ಕೈ ಅಡ್ಡ ಹಿಡಿದ.

“ನನ್ನ ಹಾಲ ಬ್ಯಾಡ್ರಿ. ಹಿಂಗ ಕೊಡ್ರಿ. ಮಂದಿ ನೋಡ್ಲಿ.”

ಬಶಿಯಲ್ಲಿ ಚಾ ಕೆಂಪಗಿತ್ತು. ಎಲ್ಲರೂ ಬಗ್ಗಿ ನೋಡಿದರು. ಸಿಕಂದರ ಎದ್ದು ನಿಂತು, ಕೆಟ್ಟದ್ದು ತನ್ನ ಪೀಪಾಯಿಯಿಂದ, ಮರೆಪ್ಪನ ಹಾಲಿನಿಂದಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಎಮ್ಮೆಗಳು ಉಳಿದವು. ಕೆಲವು ಮನೆಯವರು ಮತ್ತೆ ಹಾಲು ಹಾಕಿಸಿಕೊಂಡರು, ಕೆಲವರು ಕೊನೆಗೂ ಹಾಕಿಸಿಕೊಳ್ಳಲಿಲ್ಲ. ಅಂಗಡಿ ಇರುವವರೆಗೂ ಸಿಕಂದರ ದಿನದ ಮೊದಲ ಚಾವನ್ನು ಹಾಲಿಲ್ಲದೆ ಬಶಿಗೆ ಹಾಕಿ, ಎಲ್ಲರಿಗೂ ಕಾಣುವ ಕಟ್ಟೆಯ ಮೇಲೆ ಮರೆಪ್ಪನ ಮುಂದೆ ಇಡುತ್ತಿದ್ದ. ಹಾಲಿಲ್ಲದ ಚಾ ಮರೆಪ್ಪನಿಗೆ ಎಂದೂ ಸೇರಲಿಲ್ಲ. ಆದರೂ ಒಂದು ದಿನವೂ ಬೇಡ ಅನ್ನಲಿಲ್ಲ.