ವಿನಾಯಿತಿ ಬೇಡವೆಂದ ಕನ್ನಡಿ ಮೇಡಂ

ಪೊಲೀಸ್ ಇಲಾಖೆಯ ಸಾಧನೆಗಳನ್ನು ಹೇಳುವಾಗ ಪತ್ತೆಯಾದ ಅಪರಾಧಗಳನ್ನೂ ಸಿಕ್ಕಿಬಿದ್ದ ಕಳ್ಳರನ್ನೂ ಎಣಿಸುವುದು ರೂಢಿ. ಆ ಕಳ್ಳರ ಬೆನ್ನುಹತ್ತಿದ ಜೀಪು ತಿರುವಿನಲ್ಲಿ ಮಗುಚದೆ ಉಳಿದದ್ದು ಯಾರ ಪಾಠದಿಂದ ಎಂದು ಕೇಳುವವರು ಕಡಿಮೆ. ಕೇಳಿದರೆ, ಮೋಟಾರು ವಿಭಾಗದ ಹಳಬರೆಲ್ಲ ಒಬ್ಬರತ್ತಲೇ ಬೆರಳು ತೋರಿಸುತ್ತಾರೆ. ಚಾಲನಾ ತರಬೇತಿ ಶಾಲೆಯ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿ, ಈಗ ಅರವತ್ತೈದಕ್ಕೆ ಕಾಲಿಡುತ್ತಿರುವ ಅವರನ್ನು ಇಲಾಖೆಯೆಲ್ಲ ಕರೆಯುವುದು ಕನ್ನಡಿ ಮೇಡಂ ಎಂದು. ಗಾಡಿ ಹೊರಡಿಸುವ ಮೊದಲು, ತಿರುಗಿಸುವ ಮೊದಲು, ನಿಲ್ಲಿಸುವ ಮೊದಲು ಅವರು "ಕನ್ನಡಿ!" ಎಂದು ಗದರುತ್ತಿದ್ದ ರೀತಿಗೆ, ಕೆಲವು ಶಿಷ್ಯರು ಮನೆಯಲ್ಲಿ ಊಟಕ್ಕೆ ಕೂರುವ ಮೊದಲೂ ಒಮ್ಮೆ ಹಿಂದೆ ನೋಡುತ್ತಿದ್ದರಂತೆ.

ಭೌತಶಾಸ್ತ್ರದಲ್ಲಿ ಪದವಿ ಪಡೆದು ಇಲಾಖೆಗೆ ಸೇರಿದ ಅವರನ್ನು ಮೊದಲು ಕಚೇರಿಯ ಕಡತಗಳ ನಡುವೆ ಕೂರಿಸಿದ್ದರು. ಹೆಣ್ಣುಮಗಳಿಗೆ ಲಾರಿಯ ಸ್ಟಿಯರಿಂಗ್ ಹಿಡಿಯುವ ತೋಳೆಲ್ಲಿದೆ ಎಂದು ನಕ್ಕ ಮೇಲಧಿಕಾರಿಯ ಎದುರಿಗೇ, ಕೆಟ್ಟು ನಿಂತಿದ್ದ ಪಡೆಯ ಬಸ್ಸನ್ನು ರಿಪೇರಿ ಮಾಡಿಸಿ, ತಾವೇ ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ಅಲ್ಲಿಂದ ಅವರನ್ನು ಕಡತಗಳ ಹತ್ತಿರಕ್ಕೆ ಮತ್ತೆ ಯಾರೂ ಕಳಿಸಲಿಲ್ಲ.

ತರಗತಿಯಲ್ಲಿ ಅವರಿಗೆ ಪ್ರಿಯವಾದ ಪಾಠ ಬ್ರೇಕಿನದು. ಕವಾಯತು ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿ, ಒಮ್ಮೆ ನಿಧಾನವಾಗಿ, ಒಮ್ಮೆ ಅದರ ಎರಡರಷ್ಟು ವೇಗದಲ್ಲಿ ಬಂದು ಬ್ರೇಕು ಹಾಕಿ ತೋರಿಸುತ್ತಿದ್ದರು. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಮರೆಯಲಿಲ್ಲ. "ಈ ಲೆಕ್ಕದಲ್ಲಿ ವೇಗ ಇದೆ, ರಸ್ತೆ ಇದೆ, ಟಯರ್ ಇದೆ. ನಿಮ್ಮ ಹೆಗಲ ಮೇಲಿನ ನಕ್ಷತ್ರ ಎಲ್ಲಾದರೂ ಇದೆಯಾ ಹುಡುಕಿ" ಎನ್ನುವುದು ಪಾಠದ ಕೊನೆಯ ಮಾತು. ಅವರು ಬಿಡದ ಇನ್ನೊಂದು ನಿಯಮ, ಪೊಲೀಸ್ ಗಾಡಿ ಯಾವಾಗಲೂ ರಸ್ತೆಗೆ ಮೂತಿ ಮಾಡಿಕೊಂಡೇ ನಿಲ್ಲಬೇಕು ಎಂಬುದು. ಕರೆ ಬಂದ ಕ್ಷಣ ಹೊರಡಬೇಕಾದವರು ರಿವರ್ಸ್ ಹಾಕುತ್ತ ಕೂರುವಂತಿಲ್ಲ. ಆ ಕೆಲಸ ಬಂದ ಕೂಡಲೇ ಮುಗಿದಿರಬೇಕು.

ಅವರ ಗದರಿಕೆಯನ್ನು ಬಲ್ಲವರಷ್ಟು ಮಂದಿ ಅವರ ಅಂತಃಕರಣವನ್ನು ಬಲ್ಲವರಿಲ್ಲ. ಮಾತೇ ಆಡದ ಕಾರಣ ಮೌನಿ ಎಂದು ಹೆಸರಾದ ಒಬ್ಬ ತರಬೇತಿಯ ಪೇದೆಯ ಗಾಡಿಗೆ ಸೈಕಲ್ ಸವಾರನೊಬ್ಬ ಅಡ್ಡ ಬಂದು ಕಾಲು ಮುರಿದುಕೊಂಡ. ತಪ್ಪು ತನ್ನದಲ್ಲವೆಂದು ವಿಚಾರಣೆಯಲ್ಲಿ ಸಾಬೀತಾದರೂ ಮೌನಿ ಮತ್ತೆ ಸ್ಟಿಯರಿಂಗ್ ಮುಟ್ಟಲು ಒಪ್ಪಲಿಲ್ಲ. ಮೇಡಂ ಪ್ರತಿ ಬೆಳಗ್ಗೆ ಹಾಜರಿಗೆ ಮೊದಲು ಬಂದು ಅವರ ಪಕ್ಕದಲ್ಲಿ ಕೂತರು. ಮೊದಮೊದಲು ಎಂಜಿನ್ ಆರಿಸಿಯೇ ಕೂತದ್ದು, ಆಮೇಲೆ ಗೇಟಿನವರೆಗೆ, ಆಮೇಲೆ ಆ ಸೈಕಲ್ ಬಂದ ಅಡ್ಡರಸ್ತೆಯವರೆಗೆ. ಅದೇ ಮೌನಿ ಮುಂದೆ ನಿವೃತ್ತಿಯವರೆಗೂ ಪಡೆಯ ಬಸ್ಸನ್ನು ಒಂದು ಗೀರೂ ಬೀಳದಂತೆ ಓಡಿಸಿದರು.

ಇಂಥವರಿಗೆ ನಿವೃತ್ತಿಯ ದಿನ ಸಿಕ್ಕದ್ದೇನು? ಸೇವೆಯಲ್ಲಿದ್ದಷ್ಟು ದಿನ ಇವರು ಗಾಡಿ ಓಡಿಸುತ್ತಿದ್ದದ್ದು ಇಲಾಖೆ ಕೊಟ್ಟ ಚಾಲನಾ ಪರವಾನಗಿಯ ಮೇಲೆ. ನಿವೃತ್ತಿಯೊಡನೆ ಅದು ರದ್ದು. ಆಮೇಲೆ ನಿಯಮ ಎರಡು ದಾರಿ ಹಿಡಿಯುತ್ತದೆ. ಇನ್ಸ್‌ಪೆಕ್ಟರ್ ಮತ್ತು ಮೇಲಿನವರು ಅರ್ಜಿ ಹಾಕಿದರೆ ಸಾಕು, ಪರೀಕ್ಷೆಯಿಲ್ಲದೆ ಲೈಸೆನ್ಸು ಮನೆಗೆ ಬರುತ್ತದೆ. ಅದಕ್ಕಿಂತ ಕೆಳಗಿನವರೆಲ್ಲ ಹೊಸ ಅರ್ಜಿದಾರರು: ಎಲ್ ಬೋರ್ಡು ಹಚ್ಚಿ ಸಣ್ಣ ಕಾರಿನಿಂದ ಶುರುಮಾಡಬೇಕು, ಒಂದು ವರ್ಷ ಕಳೆದ ಮೇಲೆ ಬಸ್ಸಿನ ಮಾತು. ಅಧಿಕಾರಿಗಳಲ್ಲಿ ಬಹುಪಾಲು ಮಂದಿ ಸೇವೆಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕೂತವರು ಎಂಬುದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ.

ಮೌನಿಗೆ ಒಂದು ಶಾಲೆ ತನ್ನ ಬಸ್ಸು ಓಡಿಸುವ ಕೆಲಸ ಕೊಡಲು ಒಪ್ಪಿತ್ತು. ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಲೈಸೆನ್ಸು ತರಬೇಕು, ಇಲ್ಲದಿದ್ದರೆ ಬೇರೆಯವರು. ಮಗಳ ಓದು ಇನ್ನೂ ಮುಗಿಯದ ಮನೆ ಅದು. ಅವರು ಮೇಡಂ ಮನೆಗೆ ಬಂದು ಹೇಳಿದ್ದು ಇಷ್ಟೇ: "ಮೇಡಂ, ನಾನು ಓಡಿಸಿದ ಬಸ್ಸಲ್ಲಿ ಕೂತು ಬಂದೋರಿಗೆ ಲೈಸೆನ್ಸ್ ಮನೆಗೇ ಬಂತು. ನಾನು ಎಲ್ ಬೋರ್ಡಂತೆ."

ಮೇಜಿನ ಮೇಲೆ ಮೇಡಂ ಅವರ ವಿನಾಯಿತಿ ಅರ್ಜಿಯೂ ಸಹಿಗಾಗಿ ಕಾದಿತ್ತು. ಅವರು ಅದನ್ನು ಹರಿದು ಬುಟ್ಟಿಗೆ ಹಾಕಿದರು. ನಿವೃತ್ತ ಗಣಿತ ಮೇಷ್ಟರಾದ ಅವರ ಪತಿ ಅಷ್ಟರಿಂದಲೇ ವಿಷಯ ತಿಳಿದುಕೊಂಡರು. "ಏನೇ, ಎಲ್ ಬೋರ್ಡು ಕಾರಿನ ಮುಂದೆ ಅಂಟಿಸ್ಲೋ ಹಿಂದೋ?"

"ಎರಡೂ ಕಡೆ ಅಂಟಿಸ್ರಿ. ಓದೋರು ಓದ್ಲಿ."

ಸುದ್ದಿ ಹಬ್ಬಿತು. ನಿವೃತ್ತ ಅಧಿಕಾರಿಗಳ ಸಂಘದ ಅಧ್ಯಕ್ಷರು ತಾವೇ ಫೋನು ಮಾಡಿದರು. "ಏನಮ್ಮ ಇದು, ಸುಮ್ಮನೆ ಇರೋದನ್ನ ಯಾಕೆ ಕೆದಕ್ತೀರಿ? ನಮಗೆ ಸಿಕ್ಕಿದ್ದೂ ಹೋಗುತ್ತೆ."

"ಹೋಗ್ಲಿ ಸರ್. ಪರೀಕ್ಷೆ ಪಾಸಾದ್ರೆ ವಾಪಸ್ ಬರುತ್ತೆ."

"ನಿಮ್ಮನ್ನ ರಸ್ತೇಲಿ ಯಾರು ನಿಲ್ಲಿಸ್ತಾರೆ ಹೇಳಿ?"

"ನಾನು ಕಲಿಸಿದ ಹುಡುಗರೇ ನಿಲ್ಲಿಸ್ಬೇಕು ಸರ್. ನಿಲ್ಲಿಸ್ಲಿಲ್ಲ ಅಂದ್ರೆ ನಾನು ಕಲಿಸಿದ್ದೆಲ್ಲ ದಂಡ."

ಪರೀಕ್ಷೆಯ ದಿನ ಹೊಸ ಅರ್ಜಿದಾರರ ಸಾಲಿನಲ್ಲಿ, ಕಾಲೇಜು ಹುಡುಗಿಯರ ಹಿಂದೆ, ಕನ್ನಡಿ ಮೇಡಂ ನಿಂತರು. ಪರೀಕ್ಷಕಿ ಅವರ ಮಗಳ ವಯಸ್ಸಿನವರು. ಏರು, ತಿರುವು, ಎಂಟರ ಆಕಾರ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿದವು. ಕೊನೆಗೆ ಗೆರೆಗಳ ನಡುವೆ ಮುಂದಕ್ಕೆ ಹೋಗಿ, ಗೋಡೆಗೆ ಮೂತಿ ಮಾಡಿ ನಿಲ್ಲಿಸಬೇಕಿತ್ತು. ಮೇಡಂ ಹಳೆಯ ಅಭ್ಯಾಸದಂತೆ ಆ ಜಾಗವನ್ನು ದಾಟಿ ಹೋದರು, ಕನ್ನಡಿ ನೋಡಿದರು, ಒಂದೇ ಬೀಸಿನಲ್ಲಿ ಹಿಂದಕ್ಕೆ ಬಂದು, ರಸ್ತೆಗೆ ಮೂತಿ ಮಾಡಿ ನಿಲ್ಲಿಸಿದರು. ಸಾಲಿನಲ್ಲಿದ್ದವರು ಚಪ್ಪಾಳೆ ಹೊಡೆದರು. ಪರೀಕ್ಷಕಿ ಮಾತ್ರ ಕಿಟಕಿಯ ಬಳಿ ಬಂದು ಬಾಗಿದರು.

"ಮೇಡಂ... ಮುಂದಕ್ಕೆ ನಿಲ್ಲಿಸ್ಬೇಕಿತ್ತು. ಇದು ಫೇಲಾಗುತ್ತೆ. ಇನ್ನೊಂದ್ಸಲ ಮಾಡ್ಬಿಡಿ, ನಾನು ನೋಡೇ ಇಲ್ಲ."

"ನೋಡಿದ್ದೀಯ ಕಣಮ್ಮ. ನೋಡೋದಕ್ಕೇ ತಾನೇ ನಿನ್ನ ಇಲ್ಲಿ ನಿಲ್ಲಿಸಿರೋದು? ಹೇಳಿದ್ದು ಮಾಡ್ಲಿಲ್ಲ, ಫೇಲು. ಬರಿ."

ಸಂಘದವರು ಮುಸಿಮುಸಿ ನಕ್ಕರು. ಮೇಡಂ ಮಾತ್ರ ಆ ಸೋಲನ್ನು ಕೈಯಲ್ಲಿ ಹಿಡಿದೇ ಸಾರಿಗೆ ಆಯುಕ್ತರ ಕೋಣೆಗೆ ಹೋದರು. ಮೌನಿಯೂ ಜೊತೆಯಲ್ಲಿದ್ದರು. ಅನುಭವಿ ಅಧಿಕಾರಿಗಳಿಗೆ ಪರೀಕ್ಷೆ ಅನಗತ್ಯವೆಂಬ ಆಧಾರದ ಮೇಲೆ ವಿನಾಯಿತಿ ಕೊಡಲಾಗಿದೆ ಎಂದು ಆಯುಕ್ತರು ವಿವರಿಸಿದರು.

"ಆ ವಿನಾಯಿತಿ ಇದ್ದೋರಲ್ಲಿ ಇವತ್ತಿನವರೆಗೆ ಪರೀಕ್ಷೆ ಕೊಟ್ಟೋಳು ನಾನೊಬ್ಬಳೇ ಸರ್," ಎಂದರು ಮೇಡಂ. "ನಾನು ಫೇಲು. ಅಂದ್ರೆ ನಿಮ್ಮ ಕೈಲಿರೋ ಲೆಕ್ಕದ ಪ್ರಕಾರ ನೂರಕ್ಕೆ ನೂರು ಅಧಿಕಾರಿಗಳು ಫೇಲು. ಇನ್ನು ಅನುಭವದ ಮಾತು. ಅನುಭವ ಹಿಂದಿನ ಸೀಟಿಗೆ ಬರುತ್ತೋ, ಸ್ಟಿಯರಿಂಗಿಗೆ ಬರುತ್ತೋ, ನೀವೇ ಹೇಳಿ."

ಆಯುಕ್ತರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ಮೌನಿಯ ಕಡೆ ತಿರುಗಿದರು. "ನೀವೇನಂತೀರಪ್ಪ?"

"ಪರೀಕ್ಷೆ ಮಾಡಿ ಸರ್. ಬಸ್ಸಲ್ಲೇ ಮಾಡಿ."

ಕೃಪೆ ಬೇಡಲು ಬಂದವರನ್ನೇ ದಿನವಿಡೀ ನೋಡುವ ಆ ಕೋಣೆಗೆ ಪರೀಕ್ಷೆ ಬೇಡಲು ಬಂದವರು ಹೊಸಬರು. ಶಾಲೆ ತೆರೆಯಲು ವಾರವಿರುವಾಗಲೇ ಆದೇಶ ಹೊರಬಿತ್ತು: ನಿವೃತ್ತ ಪೊಲೀಸ್ ಚಾಲಕರು ಸೇವೆಯಲ್ಲಿ ಯಾವ ಬಗೆಯ ಗಾಡಿ ಓಡಿಸಿದ್ದರೋ ಆ ಗಾಡಿಯಲ್ಲೇ ನೇರವಾಗಿ ಪರೀಕ್ಷೆ ಕೊಡಬಹುದು, ಕಾಯುವ ವರ್ಷವಿಲ್ಲ. ಮೌನಿ ಮೊದಲ ಸಲಕ್ಕೇ ಪಾಸಾದರು. ಎಲ್ಲಿ ತಪ್ಪುತ್ತದೆ ಎಂದು ಮೇಡಂ ಮೊದಲೇ ಹೇಳಿಕೊಟ್ಟಿದ್ದರು. ಮೇಡಂ ತಾವು ಎರಡನೆಯ ಸಲಕ್ಕೆ, ಗೊಣಗಿಕೊಂಡೇ ಗಾಡಿಯನ್ನು ಗೋಡೆಗೆ ಮೂತಿ ಮಾಡಿ ನಿಲ್ಲಿಸಿ, ಲೈಸೆನ್ಸು ಪಡೆದರು. ಶಾಲೆ ತೆರೆದ ದಿನ ಬಸ್ಸು ಮೌನಿಯ ಕೈಯಲ್ಲಿತ್ತು.

ಅಧಿಕಾರಿಗಳ ವಿನಾಯಿತಿ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ. ಪರಿಶೀಲನೆ ಮುಗಿಯುವವರೆಗೆ ತಾವು ಸುಮ್ಮನಿರುವವರಲ್ಲ ಎಂದು ಮೇಡಂ ಪ್ರತಿ ತಿಂಗಳೂ ಆಯುಕ್ತರಿಗೆ ನೆನಪಿಸುತ್ತಿದ್ದಾರೆ. ಅವರಿಗೆ ಅರವತ್ತೈದು ತುಂಬುವ ಹೊತ್ತಿಗೆ ಈ ಅಭಿನಂದನಾ ಸಂಪುಟ ತರುವ ಮಾತು ಬಂದಾಗಲೂ ಅವರು ಹೇಳಿದ್ದು, "ಹೊಗಳಿಕೆ ಆಮೇಲೆ, ಮೊದಲು ಸಾಲಲ್ಲಿ ಬಂದು ನಿಲ್ಲೋಕೆ ಹೇಳಿ" ಎಂದೇ.

ಕನ್ನಡಿ ಮೇಡಂ ನೂರು ಕಾಲ ಬಾಳಲಿ, ಆರೋಗ್ಯ ಅವರ ಜೊತೆಗಿರಲಿ, ಅವರ ಗದರಿಕೆ ಹೊಸ ತಲೆಮಾರಿನ ಚಾಲಕರ ಕಿವಿಗೂ ಬೀಳುತ್ತಿರಲಿ. ಇದು ಶಿಷ್ಯರೆಲ್ಲರ ಹಾರೈಕೆ. ಅವರನ್ನು ನಿಜವಾಗಿ ಗೌರವಿಸುವ ಬಗೆ ಬೇರೆಯದೇ ಇದೆ. ಈ ಪುಟಗಳಲ್ಲಿ ಅವರನ್ನು ಕೊಂಡಾಡಿರುವ ಮಾನ್ಯ ನಿವೃತ್ತ ಅಧಿಕಾರಿಗಳಲ್ಲಿ ಹಲವರ ಲೈಸೆನ್ಸು ಇನ್ನೂ ವಿನಾಯಿತಿಯದ್ದೇ. ಪರೀಕ್ಷಾ ಮೈದಾನದ ಗೇಟು ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಮೇಡಂ ಅಲ್ಲಿರುತ್ತಾರೆ. ದಯವಿಟ್ಟು ಗಾಡಿಯನ್ನು ತಾವೇ ಓಡಿಸಿಕೊಂಡು ಬರಬೇಕಾಗಿ ವಿನಂತಿ.