ಪರದೆಗೆ ಬೆನ್ನು ಹಾಕಿ ನಿಂತ ಕೈಯಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಆಯಾ ಕೆಲಸದ ಹೆಂಗಸೊಬ್ಬರು ಮಂಚದ ಹಾಸು ಬದಲಿಸಿ, ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾರೆ. ಹೊರಗೆ ಬೆಂಚಿನ ಮೇಲೆ ತಪಾಸಣೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು.

"ಹೆದರಿದವ್ರ ಕೈ ಮೊದ್ಲೇ ತಣ್ಣಗಿರುತ್ತೆ. ನಂದೂ ತಣ್ಣಗಿದ್ರೆ ಹೇಗೆ?"

ಇವರನ್ನು ಎಲ್ಲರೂ ಕೈಯಕ್ಕ ಎನ್ನುತ್ತಾರೆ. ಗಂಟಲಿನಿಂದ ಹೊಟ್ಟೆಗೆ ಕ್ಯಾಮೆರಾ ಕೊಳವೆ ಇಳಿಯುವಾಗ ರೋಗಿಯ ಕೈ ಹಿಡಿದು ನಿಲ್ಲುವುದು ಯಾರೂ ಹೇಳಿದ ಕೆಲಸವಲ್ಲ. ದಿನಕ್ಕೆ ಹತ್ತು ಹನ್ನೆರಡು ಜನ. ಮುಂಗೈ ತುಂಬ ಉಗುರಿನ ಗುರುತು. "ನಮ್ಮನೆಯವ್ರು ಈ ಕೊಳವೆಗೆ ಹೆದರಿ ನಾಳೆ ನಾಳೆ ಅಂತಾನೇ ಇದ್ರು. ಬರೋ ಹೊತ್ತಿಗೆ ಕೈ ಮೀರಿತ್ತು" ಎನ್ನುತ್ತಾರೆ.

ಈ ಕೊಳವೆ ಹೊಟ್ಟೆಯೊಳಗೆ ಹುಡುಕುವ ಕಳ್ಳರಲ್ಲಿ ಒಂದು, ಬ್ಯಾಕ್ಟೀರಿಯಾ. ಹೊಟ್ಟೆಯ ಆಮ್ಲದಲ್ಲೂ ಬದುಕಿ, ಒಳಗೋಡೆಯನ್ನು ಕಾಯುವ ಲೋಳೆಪದರವನ್ನು ಹಾಳು ಮಾಡುತ್ತದೆ. ಕಾವಲು ಕಳೆದ ಗೋಡೆಯನ್ನು ನಮ್ಮದೇ ಆಮ್ಲ ಸುಟ್ಟು ಹುಣ್ಣಾಗಿಸುತ್ತದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ಈ ದಿನದ ಮೊದಲ ಸರದಿ ಬಸ್ ಡ್ರೈವರಣ್ಣನದು. ಹಿಂದೆ, ಹೊಟ್ಟೆಯಲ್ಲಿ ರಕ್ತ ಒಸರಿ ಮಲ ಕಪ್ಪಗೆ ಹೋಗುತ್ತಿದ್ದರೂ ಇವರು ಎರಡು ಸಲ ಇದೇ ಮಂಚದಿಂದ ಕಾಲಿಗೆ ಬುದ್ಧಿ ಹೇಳಿದ್ದರಂತೆ. ಮೂರನೆಯ ಸಲ ಕೈಯಕ್ಕ ಬಾಗಿಲಿಗೇ ಅಡ್ಡ ನಿಂತರು.

"ಅಣ್ಣಾ, ಬಸ್ ತುಂಬ ಜನ ನಿಮ್ಮನ್ನ ನಂಬಿ ನಿದ್ದೆ ಮಾಡ್ತಾರೆ. ನೀವು ನನ್ನೊಬ್ಬಳನ್ನ ನಂಬಿ. ಕೈ ಎಷ್ಟು ಬೇಕಾದ್ರೂ ಹಿಂಡಿ, ಬಿಡಬೇಡಿ."

ಅಂದು ಕೊಳವೆ ಇಳಿದಾಗ ಹುಣ್ಣೂ ಸಿಕ್ಕಿತು, ಕಳ್ಳನೂ ಸಿಕ್ಕಿಬಿದ್ದ. ಹೇಳಿದಷ್ಟು ದಿನ ಗುಳಿಗೆ ನುಂಗಿದ ಡ್ರೈವರಣ್ಣ ಈಗ ಹುಣ್ಣು ವಾಸಿಯಾಗಿದೆಯೇ ಎಂದು ತೋರಿಸಲು ಬಂದಿದ್ದಾರೆ. "ಊಟ ರುಚಿಸ್ತಿದೆ ಅಂದ್ರೆ ಅದು ಈ ಅಕ್ಕನ ಋಣ" ಎನ್ನುತ್ತಾರೆ. ಇಂಥ ಕೈಗಳಿಗೆ ಕೈಮುಗಿಯದೆ ಇರುವುದಾದರೂ ಹೇಗೆ?

ಇವರ ಬಗ್ಗೆ ಬರೆಯಲು ಬಂದ ನಾನು, ನಿಮಗೆ ಆಸೆ ಏನಾದರೂ ಇದೆಯೇ ಎಂದು ಕೈಯಕ್ಕನನ್ನು ಕೇಳುತ್ತೇನೆ.

"ಹೊಟ್ಟೆ ಕಾಣೋ ಪರದೆ ನನ್ನ ಬೆನ್ನ ಹಿಂದೆ. ನಾನು ಆ ಕಡೆ ತಿರುಗಿದ್ರೆ ಇವ್ರು ಹೆದರ್ತಾರೆ. ವಾಸಿಯಾದ ಹೊಟ್ಟೆ ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕು, ಅಷ್ಟೇ."

ಡ್ರೈವರಣ್ಣ ಮಲಗಿದಲ್ಲೇ ಇದನ್ನು ಕೇಳಿಸಿಕೊಳ್ಳುತ್ತಾರೆ. ಕೊಳವೆ ಇಳಿಯುತ್ತದೆ, ಅವರ ಹಿಡಿತ ಬಿಗಿಯಾಗುತ್ತದೆ. "ಹುಣ್ಣು ಪೂರ್ತಿ ವಾಸಿಯಾಗಿದೆ" ಎನ್ನುತ್ತಾರೆ ಡಾಕ್ಟರು.

ಆಗ ಡ್ರೈವರಣ್ಣ ತಾವಾಗಿಯೇ ಕೈ ಬಿಡುತ್ತಾರೆ. ಬಾಯಲ್ಲಿ ಕೊಳವೆ, ಬೆರಳು ಮಾತ್ರ ಪರದೆಯತ್ತ ಚಾಚಿದೆ, ನೋಡಿ ಎನ್ನುವಂತೆ.

ಕೈಯಕ್ಕ ತಿರುಗುತ್ತಾರೆ. ನಸುಗೆಂಪು ಗೋಡೆ, ಒದ್ದೆಯಾಗಿ ಹೊಳೆಯುತ್ತಿದೆ.

"ಅಯ್ಯೋ, ಎಷ್ಟು ಚೆಂದ ಇದೆ!"

ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಪರದೆಗೆ ಬೆನ್ನು ಹಾಕುತ್ತಾರೆ.

"ಸಾಕು ಅಣ್ಣಾ, ನೋಡಿದೆ. ಕೈ ಈ ಕಡೆ ತನ್ನಿ. ಕೊಳವೆ ಆಚೆ ಬರೋದು ಇನ್ನೂ ಬಾಕಿ ಇದೆ."